ತ್ರಿಯೆಸ್ತೆಯಲ್ಲಿ ಕಾಫಿ: ಎಲ್ಲಿ ಕುಡಿಯಬೇಕು, ಏನೆಂದು ಕೇಳಬೇಕು?



ವಯನಾಡಿನ ಕಲ್ಪೆಟ್ಟದ ಓದುಗರೊಬ್ಬರು ಈ ಅಂಕಣಕ್ಕೆ ಪತ್ರ ಬರೆದಿದ್ದಾರೆ. ಕಾಫಿ ತೋಟವೂ ಕಾಫಿ ವ್ಯಾಪಾರವೂ ಇರುವ ಮನೆತನ. ಮಗ ವ್ಯಾಪಾರದ ನಿಮಿತ್ತ ಇಟಲಿಯ ತ್ರಿಯೆಸ್ತೆ ಬಂದರಿಗೆ ಹೊರಟಿದ್ದಾರೆ. ಜೊತೆಗೆ ತಾಯಿಯವರೂ ಹೋಗುತ್ತಿದ್ದಾರೆ. ಅಲ್ಲಿ ಒಳ್ಳೆಯ ಕಾಫಿ ಅಂಗಡಿಗಳು ಯಾವುವು, ನಿಯಮ ಇಟ್ಟುಕೊಂಡ ಹೆಂಗಸರು ಅಲ್ಲಿ ಕುಳಿತು ನಿಶ್ಚಿಂತೆಯಿಂದ ಏನಾದರೂ ತೆಗೆದುಕೊಳ್ಳಬಹುದೇ, ನಮ್ಮ ವಯನಾಡಿನ ಕಾಫಿ ಅಲ್ಲಿ ಸಿಗುತ್ತದೆಯೇ ಎಂದು ಮೂರು ಪ್ರಶ್ನೆ ಕೇಳಿದ್ದಾರೆ. ಯುರೋಪಿಗೆ ಹೋಗುವ ನಮ್ಮವರು ರೋಮ್, ಪ್ಯಾರಿಸ್ ನೋಡಿಕೊಂಡು ಬರುತ್ತಾರೆ. ತ್ರಿಯೆಸ್ತೆಯ ಹೆಸರನ್ನು ಕೇಳಿದವರೇ ಕಡಿಮೆ. ಆದ್ದರಿಂದ ಉತ್ತರವನ್ನು ಎಲ್ಲರಿಗೂ ಆಗುವಂತೆ ಇಲ್ಲಿಯೇ ಬರೆಯುತ್ತಿದ್ದೇನೆ.

ಮೊದಲು ಊರಿನ ಪರಿಚಯ. ಆಡ್ರಿಯಾಟಿಕ್ ಸಮುದ್ರದ ಉತ್ತರದ ತುದಿಯಲ್ಲಿ, ಸ್ಲೊವೇನಿಯಾ ದೇಶದ ಗಡಿಗೆ ಅಂಟಿಕೊಂಡಿರುವ ಪಟ್ಟಣ ಇದು. ಮೊದಲ ಮಹಾಯುದ್ಧದ ಕೊನೆಯವರೆಗೆ ಆಸ್ಟ್ರಿಯಾದ ಅರಸರ ಆಳ್ವಿಕೆಯಲ್ಲಿತ್ತು. 1719ರಲ್ಲಿ ಚಕ್ರವರ್ತಿ ಆರನೆಯ ಚಾರ್ಲ್ಸ್ ಇದನ್ನು ಸುಂಕಮುಕ್ತ ಬಂದರು ಎಂದು ಸಾರಿದ ಮೇಲೆ ಗ್ರೀಕರು, ಸರ್ಬಿಯದವರು, ಯಹೂದಿಗಳು, ಅರ್ಮೇನಿಯದವರು ಇಲ್ಲಿಗೆ ಬಂದು ಅಂಗಡಿ ಹಾಕಿದರು. ವ್ಯಾಪಾರಿಗೆ ನೆಲೆ ಸಿಕ್ಕಿದಲ್ಲಿ ಅವನ ದೇವರಿಗೂ ನೆಲೆ ಆಗುತ್ತದೆಯಷ್ಟೆ! ಸರ್ಬಿಯದವರ ಚರ್ಚು, ಗ್ರೀಕರ ಚರ್ಚು, 1912ರಲ್ಲಿ ಕಟ್ಟಿ ಮುಗಿಸಿದ ಯಹೂದಿಗಳ ದೊಡ್ಡ ಪ್ರಾರ್ಥನಾ ಮಂದಿರ ಎಲ್ಲವೂ ನಡೆದು ನೋಡುವಷ್ಟು ಹತ್ತಿರದಲ್ಲಿವೆ. ಎರಡನೆಯ ಮಹಾಯುದ್ಧದ ನಂತರ 1947ರಿಂದ 1954ರವರೆಗೆ ಈ ಊರು ಯಾವ ದೇಶಕ್ಕೂ ಪೂರ್ತಿಯಾಗಿ ಸೇರದೆ ನಡುವೆ ನಿಂತಿತ್ತು. ಇಂದಿಗೂ ಮನೆಯಲ್ಲಿ ಸ್ಲೊವೇನಿಯನ್, ಪೇಟೆಯಲ್ಲಿ ಇಟಾಲಿಯನ್ ಮಾತಾಡುವ ಕುಟುಂಬಗಳು ಅಲ್ಲಿವೆ. ಗಡಿನಾಡಿನಲ್ಲಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾಫಿ ಬಂದದ್ದು ಈ ಬಂದರಿನ ದಾರಿಯಿಂದಲೇ. ಸುಂಕಮುಕ್ತ ಪ್ರದೇಶದ ಗೋದಾಮಿನಲ್ಲಿ ಸರಕನ್ನು ಸುಂಕ ಕಟ್ಟದೆ ಎಷ್ಟು ಕಾಲವಾದರೂ ಇಡಬಹುದೆಂಬ ಅನುಕೂಲ ಇಂದಿಗೂ ಇದೆ. ದರ ಏರಿಳಿಯುವ ಕಾಫಿಯಂಥ ಮಾಲಿಗೆ ಇದೆಂಥ ಲಾಭವೆಂದು ಮಂಡಿಯವರು ಬಲ್ಲರು. 1891ರಲ್ಲೇ ಇಲ್ಲಿಯ ಕಾಫಿ ವ್ಯಾಪಾರಿಗಳು ತಮ್ಮದೊಂದು ಸಂಘ ಕಟ್ಟಿಕೊಂಡರು. 1892ರಲ್ಲಿ ಹೌಸ್‌ಬ್ರಾಂಟ್, 1933ರಲ್ಲಿ ಇಲ್ಲಿ ಎಂಬ ಕಾಫಿ ಕಂಪನಿಗಳು ಹುಟ್ಟಿದ್ದು ಇದೇ ಊರಿನಲ್ಲಿ. (ಈ ‘ಇಲ್ಲಿ’ ನಮ್ಮ ಕನ್ನಡದ ಇಲ್ಲಿ ಅಲ್ಲ; ಸ್ಥಾಪಕರಾದ ಫ್ರಾಂಚೆಸ್ಕೊ ಇಲ್ಲಿ ಅವರ ಮನೆತನದ ಹೆಸರು.) ಸೂಯೆಜ್ ಕಾಲುವೆಯ ಕಂಪನಿಯಲ್ಲಿ ದೊಡ್ಡ ಪಾಲು ಹಿಡಿದಿದ್ದ ಪಾಸ್ಕ್ವಾಲೆ ರೆವೊಲ್ತೆಲ್ಲಾ ಎಂಬ ವ್ಯಾಪಾರಿಯೂ ಈ ಊರಿನವರೇ. ಕಾಲುವೆ 1869ರ ನವೆಂಬರಿನಲ್ಲಿ ತೆರೆಯಿತು. ಅವರು ಅದೇ ಸೆಪ್ಟೆಂಬರಿನಲ್ಲಿ ತೀರಿಕೊಂಡಿದ್ದರು. ಅವರ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ. ಸಮಯವಿದ್ದರೆ ನೋಡಿ.

ಇನ್ನು ಕಾಫಿ ಅಂಗಡಿಯ ಮಾತು. ಇಟಲಿಯಲ್ಲಿ ಕಾಫಿ ಅಂಗಡಿಗೆ ‘ಬಾರ್’ ಎನ್ನುತ್ತಾರೆ. ಬೋರ್ಡು ನೋಡಿ ಗಾಬರಿಯಾಗಿ ಹಿಂದಿರುಗಬೇಡಿ. ಒಳಗೆ ಮದ್ಯದ ಸೀಸೆಗಳೂ ಇರುತ್ತವೆ, ನಿಜ. ಆದರೆ ಬೆಳಗಿನ ಹೊತ್ತು ಶಾಲೆಗೆ ಹೋಗುವ ಮಕ್ಕಳ ತಾಯಂದಿರೂ ಕಚೇರಿಯವರೂ ನಿಂತು ಕಾಫಿ ಕುಡಿದು ಹೋಗುವ ಜಾಗ ಅದು. ಅದೆಲ್ಲ ಬೇಡ ಎನ್ನುವವರಿಗೆ ದೊಡ್ಡ ಕಾಫೆಗಳಿವೆ; ಅವುಗಳ ವಿಷಯ ಮುಂದೆ ಹೇಳುತ್ತೇನೆ.

ತ್ರಿಯೆಸ್ತೆಯಲ್ಲಿ ಕಾಫಿಗೆ ಇಟಲಿಯ ಬೇರೆಲ್ಲೂ ಇಲ್ಲದ ಹೆಸರುಗಳಿವೆ. ಒಳ್ಳೆಯ ಅಂಗಡಿ ಹುಡುಕುವುದಕ್ಕಿಂತ ಮೊದಲು ಇವನ್ನು ಕಲಿಯುವುದು ಮುಖ್ಯ. ಹಾಲಿಲ್ಲದ ಸಣ್ಣ ಬಟ್ಟಲಿನ ಗಟ್ಟಿ ಕಾಫಿಗೆ, ಉಳಿದ ಕಡೆ ಎಸ್ಪ್ರೆಸೊ ಎನ್ನುವುದಕ್ಕೆ, ಇಲ್ಲಿ ‘ನೇರೊ’ ಎಂದು ಹೆಸರು. ಅದಕ್ಕೆ ಸ್ವಲ್ಪ ಬಿಸಿ ಹಾಲಿನ ನೊರೆ ಸೇರಿದರೆ ‘ಕಾಪೊ’. ಅದೇ ಕಾಪೊವನ್ನು ಪಿಂಗಾಣಿಯ ಬಟ್ಟಲಿನ ಬದಲು ಪುಟ್ಟ ಗಾಜಿನ ಲೋಟದಲ್ಲಿ ಬೇಕೆಂದರೆ ‘ಕಾಪೊ ಇನ್ ಬಿ’. ಬಿ ಎಂದರೆ ಬಿಕ್ಕಿಯೇರೆ, ಅಂದರೆ ಲೋಟ. ದೊಡ್ಡ ಬಟ್ಟಲಿನ ಕಾಪುಚೀನೊ ಬೇಕಾದವರು ‘ಕಾಫೆಲಾತ್ತೆ’ ಎಂದು ಕೇಳಬೇಕು. ಕಾಪುಚೀನೊ ಎಂದೇ ಕೇಳಿದರೆ ಸಣ್ಣ ಬಟ್ಟಲು ಬಂದೀತು. ಬರೀ ‘ಲಾತ್ತೆ’ ಎಂದರೆ ಕಾಫಿಯೇ ಇಲ್ಲದ ಒಂದು ಲೋಟ ಹಾಲು ತಂದಿಡುತ್ತಾರೆ. ಇಟಾಲಿಯನ್ನಿನಲ್ಲಿ ಆ ಪದಕ್ಕೆ ಅಷ್ಟೇ ಅರ್ಥ.

ನಮ್ಮ ಫಿಲ್ಟರ್ ಕಾಫಿಯ ನಾಲಿಗೆಗೆ ಹೊಂದುವುದು ಕಾಪೊ ಇನ್ ಬಿ. ಲೋಟ ಬೆಚ್ಚಗೆ ಕೈಯಲ್ಲಿ ಹಿಡಿಸುತ್ತದೆ, ಡಿಕಾಕ್ಷನ್ನಿನ ಗಟ್ಟಿತನ ಇರುತ್ತದೆ, ಹಾಲು ಹದವಾಗಿರುತ್ತದೆ. ಅಳತೆ ಮಾತ್ರ ಚಿಕ್ಕದು. ನೇರೊ ಎಂದರೆ ಸುಮಾರು 25 ಮಿಲಿಲೀಟರ್, ನಮ್ಮ ಅಜ್ಜಿಯರು ಕಷಾಯ ಕೊಡುತ್ತಿದ್ದ ಅಳತೆ! ಸಕ್ಕರೆ ಬೆರೆಸಿರುವುದಿಲ್ಲ, ಪಕ್ಕದಲ್ಲಿಟ್ಟಿರುತ್ತಾರೆ. ಹಾಲನ್ನು ಕುದಿಸುವುದಿಲ್ಲ, ಹಬೆಯಿಂದ ಬಿಸಿ ಮಾಡುತ್ತಾರೆ. ಆದ್ದರಿಂದ ಸುಡುವ ಕಾಫಿ ಬೇಕೆನ್ನುವ ಹಿರಿಯರು ‘ಬೊಲ್ಲೆಂತೆ’ ಎಂದು ಒಂದು ಮಾತು ಸೇರಿಸಿ ಕೇಳಬೇಕು.

ಅಂಗಡಿ ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ಕಟ್ಟೆಯ ಮುಂದೆ ಎರಡು ನಿಮಿಷ ನಿಂತರೆ ಸಾಕು. ಕಾಳನ್ನು ಆಗಲೇ ಬೀಸುತ್ತಾನೋ, ಬೆಳಿಗ್ಗೆಯೇ ಬೀಸಿಟ್ಟ ಪುಡಿಯೋ? ಹಾಲಿನ ಕೊಳವೆಯನ್ನು ಪ್ರತಿ ಸಲ ಒರೆಸುತ್ತಾನೋ? ಬಟ್ಟಲುಗಳನ್ನು ಯಂತ್ರದ ಮೇಲೆ ಬೆಚ್ಚಗೆ ಜೋಡಿಸಿಟ್ಟಿದೆಯೋ? ಕಾಫಿ ಇಳಿಯಲು 25-30 ಸೆಕೆಂಡು ಹಿಡಿಯಬೇಕು. ಹತ್ತು ಸೆಕೆಂಡಿನಲ್ಲಿ ಸುರಿದುಬಿಟ್ಟರೆ ನೀರು ನೀರು. ತೊಟ್ಟು ತೊಟ್ಟಾಗಿ ಬಹಳ ಹೊತ್ತು ಇಳಿದರೆ ಕಹಿ. ಮೇಲಿನ ನೊರೆ ಕಂದು ಬಣ್ಣದಲ್ಲಿ ಒತ್ತಾಗಿದ್ದು, ಸಕ್ಕರೆಯನ್ನು ಒಂದು ಕ್ಷಣ ತಡೆದು ಆಮೇಲೆ ಒಳಗೆ ಬಿಡಬೇಕು. ಈ ಪರೀಕ್ಷೆಯಲ್ಲಿ ಗೆಲ್ಲುವ ಅಂಗಡಿ ಎಷ್ಟೋ ಸಲ ಹೆಸರಿಲ್ಲದ ಗಲ್ಲಿಯ ಅಂಗಡಿಯೇ ಆಗಿರುತ್ತದೆ.

ಹೆಸರುವಾಸಿಯಾದ ಹಳೆಯ ಕಾಫೆಗಳಲ್ಲಿ ಮೂರನ್ನು ಹೇಳುತ್ತೇನೆ. ಸಮುದ್ರಕ್ಕೆ ತೆರೆದುಕೊಂಡ ದೊಡ್ಡ ಚೌಕದಲ್ಲಿ 1839ರ ಕಾಫೆ ದೆಲಿ ಸ್ಪೆಕ್ಕಿ ಇದೆ. ನೋಟ ಬಲು ಚೆಂದ, ಬೆಲೆಯೂ ಆ ನೋಟಕ್ಕೆ ತಕ್ಕಂತೆ. ಇಟಲಿಯಲ್ಲಿ ನಿಂತು ಕುಡಿಯುವ ದರ ಬೇರೆ, ಕುಳಿತು ಕುಡಿಯುವ ದರ ಬೇರೆ ಎಂಬುದು ನೆನಪಿರಲಿ. ಕೂರುವ ಮೊದಲು ದರಪಟ್ಟಿ ನೋಡುವುದರಲ್ಲಿ ಸಂಕೋಚವೇನೂ ಬೇಡ. ಎರಡನೆಯದು 1830ರ ಕಾಫೆ ತೊಮ್ಮಸೇವೊ, ಈಗ ಉಳಿದಿರುವುದರಲ್ಲಿ ಅತ್ಯಂತ ಹಳೆಯದು. ನನ್ನ ಮೆಚ್ಚುಗೆ ಮಾತ್ರ ಮೂರನೆಯದಕ್ಕೆ, 1914ರ ಜನವರಿಯಲ್ಲಿ ತೆರೆದ ಕಾಫೆ ಸಾನ್ ಮಾರ್ಕೊಗೆ. ಆಸ್ಟ್ರಿಯಾದ ವಿರುದ್ಧವಿದ್ದ ತರುಣರು ಇಲ್ಲಿ ಸೇರಿ, ದೇಶ ಬಿಟ್ಟು ಹೋಗುವವರಿಗೆ ಕಳ್ಳ ಪಾಸ್‌ಪೋರ್ಟು ಮಾಡಿಕೊಡುತ್ತಿದ್ದರು. 1915ರ ಮೇ ತಿಂಗಳಲ್ಲಿ ಸೈನಿಕರು ನುಗ್ಗಿ ಅಂಗಡಿಯನ್ನು ಪುಡಿಗಟ್ಟಿದರು. ಮತ್ತೆ ಎದ್ದು ನಿಂತ ಈ ಕಾಫೆಯ ಒಳಗೆ ಈಗ ಪುಸ್ತಕದ ಅಂಗಡಿಯೂ ಇದೆ. ಲೇಖಕ ಕ್ಲಾವುದಿಯೊ ಮಾಗ್ರಿಸ್ ವರ್ಷಗಟ್ಟಲೆ ಇಲ್ಲಿಯ ಮೇಜಿನಲ್ಲಿ ಕುಳಿತು ಬರೆದವರು. ಒಂದು ಕಾಫಿಗೆ ಎರಡು ಗಂಟೆ ಕುಳಿತರೂ ಯಾರೂ ಏಳಿ ಎನ್ನುವುದಿಲ್ಲ. ಮಗ ವ್ಯಾಪಾರದ ಮಾತುಕತೆಗೆ ಹೋದಾಗ ತಾಯಿಯವರನ್ನು ಕೂರಿಸಿ ಹೋಗಲು ಇದಕ್ಕಿಂತ ತಕ್ಕ ಜಾಗ ನನಗೆ ತೋರದು.

ಎರಡನೆಯ ಪ್ರಶ್ನೆಯೇ ನಿಜವಾಗಿ ಕಷ್ಟದ್ದು. ಮದ್ಯ, ಮಾಂಸ, ಮಧು ಈ ಮೂರು ಮಕಾರಗಳನ್ನು ಬಿಟ್ಟವರಿಗೆ ಕಾಫಿ ಕಟ್ಟೆಯ ಮೇಲೆ ಮೂರೂ ಎದುರಾಗುತ್ತವೆ, ಅದೂ ಮುಸುಕು ಹಾಕಿಕೊಂಡು.

ಮದ್ಯದಿಂದ ಆರಂಭಿಸೋಣ. ‘ಕಾಫೆ ಕೊರ್ರೆತ್ತೊ’ ಎಂದರೆ ತಿದ್ದಿದ ಕಾಫಿ ಎಂದರ್ಥ. ತಿದ್ದುವುದು ಗ್ರಾಪ್ಪಾ ಎಂಬ ಸಾರಾಯಿಯಿಂದ! ಈ ಪದ ಕಂಡರೆ ದೂರವಿರಿ. ಊರಿನ ಪ್ರಸಿದ್ಧ ತಿಂಡಿಗಳಾದ ಪ್ರೆಸ್ನಿತ್ಸ್ ಮತ್ತು ಪುತಿತ್ಸಾಗಳ ಹೂರಣದಲ್ಲಿ ಆಕ್ರೋಡು, ದ್ರಾಕ್ಷಿಗಳ ಜೊತೆ ಸಾಮಾನ್ಯವಾಗಿ ರಮ್ ಇರುತ್ತದೆ, ಎಷ್ಟೋ ಸಲ ಜೇನೂ ಇರುತ್ತದೆ. ತಿರಮಿಸುವಿನಲ್ಲಿ ಹಸಿ ಮೊಟ್ಟೆ. ಪನ್ನಾ ಕೋತ್ತಾ ನೋಡಲು ನಮ್ಮ ಗಿಣ್ಣಿನಂತೆ ಬೆಳ್ಳಗೆ, ಮೃದುವಾಗಿರುತ್ತದೆ. ಅದನ್ನು ಗಟ್ಟಿಯಾಗಿಸುವುದು ಜೆಲಾಟಿನ್. ಪಟ್ಟಿಯಲ್ಲಿ ‘ಕೋಲ್ಲಾ ದಿ ಪೆಶೆ’ ಎಂದು ಬರೆದಿದ್ದರೂ ಅದೇ. ಆ ಮಾತಿನ ಅರ್ಥ ಮೀನಿನ ಅಂಟು. ಕೆಲವು ಬ್ರೆಡ್ಡಿನಲ್ಲಿ ‘ಸ್ತ್ರುತ್ತೊ’ ಎಂಬ ಹಂದಿ ಕೊಬ್ಬು ಇರುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. 2014ರ ಡಿಸೆಂಬರಿನಿಂದ ಯುರೋಪಿಯನ್ ಒಕ್ಕೂಟದ ಕಾಯಿದೆಯಂತೆ, ಬಿಡಿಯಾಗಿ ಮಾರುವ ತಿಂಡಿಗೂ ಅಲರ್ಜಿ ತರುವ 14 ಪದಾರ್ಥಗಳ ವಿವರ ಕೊಡಲೇಬೇಕು. ಮೊಟ್ಟೆ ಆ ಹದಿನಾಲ್ಕರಲ್ಲಿದೆ. ಆದ್ದರಿಂದ ‘ಅಲ್ಲೆರ್ಜೆನಿ’ ಎಂದು ಕೇಳಿದರೆ ಮೊಟ್ಟೆ ಇದೆಯೋ ಇಲ್ಲವೋ ಎಂಬುದು ಖಚಿತವಾಗಿ ತಿಳಿಯುತ್ತದೆ. ಆದರೆ ರಮ್, ಜೇನು, ಹಂದಿ ಕೊಬ್ಬು ಆ ಹದಿನಾಲ್ಕರಲ್ಲಿಲ್ಲ. ಪಟ್ಟಿ ನೋಡಿ ಮೊಟ್ಟೆಯಿಲ್ಲವೆಂದ ಮಾತ್ರಕ್ಕೆ ನಮಗೆ ಆಗುತ್ತದೆಂದು ತಿಳಿಯಬಾರದು. ಉಳಿದದ್ದನ್ನು ಬಾಯಿಬಿಟ್ಟು ಕೇಳಬೇಕು. ಒಂದು ಚೀಟಿಯಲ್ಲಿ ಇಟಾಲಿಯನ್ನಿನಲ್ಲಿ ಮೊಟ್ಟೆ, ಮದ್ಯ, ಜೇನು, ಕೊಬ್ಬು, ಜೆಲಾಟಿನ್ ಬೇಡವೆಂದು ಬರೆಸಿ ತಾಯಿಯವರ ಕೈಯಲ್ಲಿ ಕೊಟ್ಟಿರುವುದು ಒಳಿತು. ‘ವೆಜಿಟೇರಿಯನ್’ ಎಂಬ ಒಂದೇ ಪದದಿಂದ ಅಲ್ಲಿ ಮೊಟ್ಟೆ ತಪ್ಪುವುದಿಲ್ಲ.

ಇನ್ನೊಂದು ಎಚ್ಚರಿಕೆ. ತ್ರಿಯೆಸ್ತೆಯಲ್ಲಿ ‘ಬುಫೆ’ ಎಂಬ ಬೋರ್ಡು ಕಂಡರೆ ನಮ್ಮ ಮದುವೆ ಮನೆಯ ಬುಫೆ ಎಂದುಕೊಂಡು ಒಳಗೆ ಹೋಗಬೇಡಿ. ಅಲ್ಲಿ ಅದು ಬೇಯಿಸಿದ ಹಂದಿಮಾಂಸದ ಅಂಗಡಿ.

ಕಾಫಿ, ಹಾಲು, ಎದುರಿಗೇ ಹಿಂಡಿಕೊಡುವ ಕಿತ್ತಳೆ ರಸ ಇವುಗಳಿಗೆ ಅಡ್ಡಿಯಿಲ್ಲ. ರಸಕ್ಕೆ ‘ಸ್ಪ್ರೆಮೂತಾ’ ಎಂದು ಕೇಳಿ. ತಿನ್ನಲು ಮನೆಯಿಂದ ಖಾಕ್ರಾ, ಚಕ್ಕುಲಿ, ಅವಲಕ್ಕಿ ಒಯ್ಯುವುದೇ ಸರಿ ಎಂದು ನನ್ನ ಅಭಿಪ್ರಾಯ. ಆದರೆ ಕಾಫೆಯ ಮೇಜಿನ ಮೇಲೆ ಪೊಟ್ಟಣ ಬಿಚ್ಚುವುದು ಅಲ್ಲಿ ಮರ್ಯಾದೆಯಲ್ಲ. ಕೋಣೆಯಲ್ಲಿ ತಿಂದು ಹೊರಡಿ. ಹೊತ್ತು ಮುಳುಗುವ ಮುನ್ನ ಊಟ ಮುಗಿಸುವವರು ತಿಂಗಳು ನೋಡಿ ಪ್ರಯಾಣ ಗೊತ್ತು ಮಾಡಿಕೊಳ್ಳಬೇಕು. ಜೂನಿನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಸುಮಾರಿಗೆ, ಏನೂ ತೊಂದರೆಯಿಲ್ಲ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಯೊಳಗೇ ಕತ್ತಲು. ಹೋಟೆಲುಗಳು ರಾತ್ರಿಯೂಟಕ್ಕೆ ಬಾಗಿಲು ತೆರೆಯುವುದೇ ಏಳರ ಸುಮಾರಿಗೆ. ಮೇಲಾಗಿ ಚಳಿಗಾಲದಲ್ಲಿ ಬೋರಾ ಎಂಬ ಗಾಳಿ ಬೀಸುತ್ತದೆ. ಹಿಂದೆ ಜನ ಬಿದ್ದುಹೋಗದಂತೆ ಬೀದಿಯುದ್ದಕ್ಕೂ ಹಗ್ಗ ಕಟ್ಟುತ್ತಿದ್ದರು. ತಾಯಿಯವರ ವಯಸ್ಸು ಪತ್ರದಲ್ಲಿಲ್ಲ. ಏನೇ ಇರಲಿ, ಮೇ-ಜೂನ್ ಆಗಬಹುದಾದರೆ ಹಾಗೇ ಮಾಡಿ.

ಮೂರನೆಯ ಪ್ರಶ್ನೆಗೆ ಉತ್ತರ: ಸಿಗುತ್ತದೆ, ಆದರೆ ಹೆಸರು ಹೇಳಿಕೊಂಡು ಸಿಗುವುದು ಅಪರೂಪ. ಭಾರತದ ಕಾಫಿಗೆ ಬಹುಕಾಲದಿಂದ ಇಟಲಿಯೇ ಅತಿ ದೊಡ್ಡ ಗಿರಾಕಿ. ಅವರ ಮಿಶ್ರಣಗಳಲ್ಲಿ ರೊಬಸ್ಟಾ ಸೇರಿಸುವುದು ಗಟ್ಟಿತನಕ್ಕೆ ಮತ್ತು ನೊರೆಗೆ. ವಯನಾಡಿನಲ್ಲಿ ಬೆಳೆಯುವುದು ಮುಖ್ಯವಾಗಿ ರೊಬಸ್ಟಾವೇ. 2019ರಲ್ಲಿ ವಯನಾಡ್ ರೊಬಸ್ಟಾಗೆ ಭೌಗೋಳಿಕ ಗುರುತು ಸಿಕ್ಕಿತು. ಆದರೂ ಐದಾರು ದೇಶದ ಕಾಳು ಬೆರೆಸಿ ಹುರಿದ ಮೇಲೆ ಡಬ್ಬಿಯ ಮೇಲೆ ಉಳಿಯುವುದು ಹುರಿದವನ ಹೆಸರು, ಬೆಳೆದವನದ್ದಲ್ಲ. ಇದು ನಮ್ಮ ತೋಟದವರಿಗೆ ಬೇಸರದ ಸಂಗತಿ, ಸಹಜವೇ. ಒಂದೇ ಊರಿನ ಕಾಳನ್ನು ಬೇರೆಯಾಗಿ ಹುರಿದು ಮಾರುವ ಸಣ್ಣ ಅಂಗಡಿಗಳು ಈಗ ಯುರೋಪಿನಲ್ಲೆಲ್ಲ ಹೆಚ್ಚುತ್ತಿವೆ. ಅಂಥ ಕಡೆ ‘ಇಂದಿಯಾ’ ಎಂದು ಕೇಳಿ ನೋಡಿ. ಮಂಗಳೂರಿನಲ್ಲಿ ಮಳೆಗಾಲದ ಗಾಳಿಗೊಡ್ಡಿ ಹದ ಮಾಡಿದ ಮಾನ್ಸೂನ್ ಮಲಬಾರ್ ಸಿಗುವ ಸಂಭವ ಹೆಚ್ಚು. ವಯನಾಡಿನ ಹೆಸರನ್ನು ಅವರು ಕೇಳಿಲ್ಲವಾದರೆ ಮಗ ಒಂದು ಕಿಲೋ ಹಸಿ ಕಾಳಿನ ಮಾದರಿಯನ್ನು ಕಾಗದಪತ್ರ ಸಮೇತ ಒಯ್ದಿದ್ದರೆ ಅಲ್ಲೇ ಹುರಿಸಿ ರುಚಿ ತೋರಿಸಬಹುದು. ಮಾದರಿ ಒಯ್ಯುವ ನಿಯಮವನ್ನು ಹೊರಡುವ ಮುನ್ನ ಕಾಫಿ ಬೋರ್ಡಿನಲ್ಲಿ ವಿಚಾರಿಸಿಕೊಳ್ಳಲಿ.

ಬರುವಾಗ ಕಾಫಿ ತರುವವರಿಗೊಂದು ಮಾತು. ಎಸ್ಪ್ರೆಸೊಗೆಂದು ಬೀಸಿದ ಪುಡಿ ಬಹಳ ನುಣುಪು. ನಮ್ಮ ಹಿತ್ತಾಳೆ ಫಿಲ್ಟರಿನ ತೂತು ಕಟ್ಟಿಕೊಂಡು ಡಿಕಾಕ್ಷನ್ ಇಳಿಯುವುದೇ ಇಲ್ಲ. ಕಾಳನ್ನೇ ತಂದು, ಮನೆಯಲ್ಲಿ ಸ್ವಲ್ಪ ತರಿಯಾಗಿ ಬೀಸಿಕೊಳ್ಳಿ.