ಯಾರ ಮುಡಿ ಇದು?

"ಮಾಡರ್ನ್ ಆರ್ಟ್ ನಮ್ಮಂಥೋರಿಗೆ ಅರ್ಥ ಆಗಲ್ಲ ಬಿಡು ಗುರೂ." ಆಫೀಸಿನ ಊಟದ ಟೇಬಲ್ಲಿನಲ್ಲಿ ಈ ಮಾತು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹೇಳುವವರಲ್ಲಿ ಹೆಚ್ಚಿನವರು ನನ್ನ ಹಾಗೇ ಹಳ್ಳಿಯಿಂದ ಬಂದು, ಬಿಇ ಮುಗಿಸಿ, ಕೋಡ್ ಬರೆಯುವವರು. ವಿನಯದ ಮಾತಿನ ಹಾಗೆ ಕೇಳಿಸುತ್ತೆ. ನನ್ನ ಪ್ರಕಾರ ಇದು ಶುದ್ಧ ಸೋಮಾರಿತನ.

ಶೀಲಾ ಗೌಡ ಅವರನ್ನೇ ತಗೊಳ್ಳಿ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದವರು. ಬೆಂಗಳೂರು, ಶಾಂತಿನಿಕೇತನ, ಲಂಡನ್ನಿನಲ್ಲಿ ಕಲೆ ಕಲಿತವರು. ಕ್ಯಾನ್ವಾಸಿನ ಮೇಲೆ ಚಿತ್ರ ಬರೆಯುತ್ತಿದ್ದವರು ತೊಂಬತ್ತರ ದಶಕದಲ್ಲಿ ಕೈಗೆತ್ತಿಕೊಂಡಿದ್ದು ಸಗಣಿಯನ್ನ. ಆಮೇಲೆ ಸೂಜಿ, ದಾರ, ಕುಂಕುಮ, ಟಾರಿನ ಡ್ರಮ್ಮು, ಕೂದಲು. ಇದರಲ್ಲಿ ನಮಗೆ ಗೊತ್ತಿಲ್ಲದ ಸಾಮಾನು ಯಾವುದು ಹೇಳಿ?

2009ರ ವೆನಿಸ್ ಬಿನಾಲೆಯಲ್ಲಿದ್ದ ಅವರ ‘ಬಿಹೋಲ್ಡ್’ ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಸುಮಾರು 4 ಕಿಲೋಮೀಟರ್ ಉದ್ದದ ಕೂದಲಿನ ಹಗ್ಗ, ಅದರಲ್ಲಿ ತೂಗುವ 20 ಕಾರ್ ಬಂಪರ್. ಬೆಂಗಳೂರಲ್ಲಿ ದೃಷ್ಟಿ ತಾಗದಿರಲಿ ಅಂತ ಗಾಡಿಗೆ ಕಟ್ಟುತ್ತಾರಲ್ಲ, ಅದೇ ಕರಿ ಹಗ್ಗ. ದೇವಸ್ಥಾನದಲ್ಲಿ ಜನ ಹರಕೆಗೆ ಕೊಟ್ಟ ಮುಡಿ.

ಅದರ ಫೋಟೋವನ್ನ ಒಬ್ಬ ಸಹೋದ್ಯೋಗಿಗೆ ತೋರಿಸಿದೆ. "ಎಷ್ಟಕ್ಕೆ ಮಾರಾಟ ಆಯ್ತಂತೆ?" ಅಂದ. ಅದೇ ಫೋಟೋ ಊರಲ್ಲಿ ಅಮ್ಮನಿಗೆ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಇಷ್ಟೊಂದು ಯಾರ ಮುಡಿನಪ್ಪಾ ಇದು? ಪಾಪ, ಏನೇನು ಕಷ್ಟ ಇತ್ತೋ" ಅಂದಳು. ಯಾರಿಗೆ ಅರ್ಥ ಆಯ್ತು, ನೀವೇ ಹೇಳಿ.

"ಗಾಡಿಗೆ ಕಟ್ಟಿದ ಹಗ್ಗ ರಸ್ತೇಲೇ ಕಾಣುತ್ತಲ್ಲ, ಅದಕ್ಕೆ ಗ್ಯಾಲರಿ ಯಾಕೆ?" ಅನ್ನಬಹುದು. ಕಾಣಲ್ಲ ಸ್ವಾಮಿ, ಅದೇ ತಕರಾರು. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಆ ಬಂಪರಿನ ಹಿಂದೆ ಅರ್ಧ ಗಂಟೆ ನಿಂತರೂ ಕಾಣಲ್ಲ. ಅದೇ ಹಗ್ಗ 4 ಕಿಲೋಮೀಟರ್ ಆಗಿ ರಾಶಿ ಬಿದ್ದಾಗ, ಒಂದೊಂದು ಎಳೆಯೂ ಒಬ್ಬರ ತಲೆಯದು ಅಂತ ಹೊಳೆಯುತ್ತೆ. ಮಗುವಿನ ಜ್ವರ, ತೀರದ ಸಾಲ, ಬಾರದ ಮಳೆ. ಉಕ್ಕಿನ ಬಂಪರು ತೂಗುತ್ತಿರೋದು ಗುರುತು ಪರಿಚಯ ಇಲ್ಲದವರ ಭಯ ಭಕ್ತಿಯ ಮೇಲೆ. ಆರು ಏರ್‌ಬ್ಯಾಗ್ ಇರೋ ಹೊಸ ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಡೋ ಇಂಜಿನಿಯರುಗಳಿಗೆ ಇದನ್ನ ಬಿಡಿಸಿ ಹೇಳಬೇಕಾ? ಎಂದೂ ಕಾಣದ ಜನರ ಜೊತೆ ಇಷ್ಟು ಹತ್ತಿರದ ನಂಟನ್ನ ನನಗೆ ಇನ್ನಾವುದೂ ಕೊಟ್ಟಿಲ್ಲ.

ತಪ್ಪು ನಮ್ಮೊಬ್ಬರದೇ ಅಲ್ಲ. ಗ್ಯಾಲರಿ ಗೋಡೆಗೆ ಅಂಟಿಸುವ ಬರಹ ನೋಡಿ. ಡಿಕ್ಷನರಿ ಹಿಡಿದರೂ ದಾರಿ ಸಿಗದ ಇಂಗ್ಲಿಷ್. ಸಗಣಿ ನೀರಾದರೆ ನಿಲ್ಲಲ್ಲ, ಒಣಗಿದರೆ ಬಿರುಕು ಬಿಡುತ್ತೆ ಅನ್ನೋ ಹದ ಕುಳ್ಳು ತಟ್ಟಿದ ಕೈಗೆ ಗೊತ್ತು. ಆ ಕೈಯವರು ಬಾಗಿಲಲ್ಲೇ ಹಿಂಜರಿದು ನಿಲ್ಲುವ ಹಾಗೆ ಬರೆದಿರುತ್ತಾರೆ. ಬೆಂಗಳೂರಿನ ಗ್ಯಾಲರಿಗಳು ಕನ್ನಡದಲ್ಲಿ, ಆಡುವ ಕನ್ನಡದಲ್ಲಿ ಬರೆಯಲಿ. ಇದು ಉಪಕಾರ ಅಲ್ಲ, ಬಾಕಿ.

ನಾವೂ ಅಷ್ಟೇ. ಊರಿನ ಸಗಣಿ ವಾಸನೆಯನ್ನ ರೆಸ್ಯೂಮೆಯಿಂದ ಅಳಿಸಿದೆವು, ಮಾತಿನಿಂದ ಅಳಿಸಿದೆವು. ಈಗ ಅದು ಕಲೆಯಾಗಿ ಎದುರು ನಿಂತರೆ ಅರ್ಥ ಆಗಲ್ಲ ಅಂತೀವಿ. ಅರಮನೆ ರಸ್ತೆಯ ಎನ್‌ಜಿಎಂಎಗೆ ಹೋಗಿ, ಕಸ್ತೂರ್ಬಾ ರಸ್ತೆಯ ಮ್ಯಾಪ್‌ಗೆ ಹೋಗಿ. ಊರಿಂದ ಬಂದ ಅಪ್ಪ ಅಮ್ಮನನ್ನ ಮಾಲ್ ಸುತ್ತಿಸೋದು ಬಿಟ್ಟು ಅಲ್ಲಿಗೆ ಕರಕೊಂಡು ಹೋಗಿ. ಬೋರ್ಡು ಆಮೇಲೆ ಓದಿ. ಮೊದಲು ಅವರು ಏನು ಕೇಳ್ತಾರೆ ಅಂತ ಕೇಳಿಸಿಕೊಳ್ಳಿ.