ಜರ್ಮನಿ ಮೇಷ್ಟ್ರ ಸಂಬಳದ ಫಾರ್ವರ್ಡ್ ಮತ್ತು ಮೇಷ್ಟ್ರು ಕೆಲಸ ಬಿಡುವ ನಿಜ ಕಾರಣಗಳು

ಸೆಪ್ಟೆಂಬರ್ 5 ಹತ್ತಿರ ಬಂದಾಗ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ ಒಂದು ಸಂದೇಶ ನಿಮಗೂ ಬಂದಿರಬಹುದು. ಜರ್ಮನಿಯಲ್ಲಿ ಎಲ್ಲರಿಗಿಂತ ಹೆಚ್ಚು ಸಂಬಳ ಶಿಕ್ಷಕರಿಗಂತೆ. ನ್ಯಾಯಾಧೀಶರು, ವೈದ್ಯರು, ಎಂಜಿನಿಯರುಗಳು ನಮಗೂ ಅಷ್ಟೇ ಕೊಡಿ ಎಂದು ಕೇಳಿದರಂತೆ. ಆಗಿನ ಚಾನ್ಸೆಲರ್ ಏಂಜೆಲಾ ಮರ್ಕೆಲ್, ನಿಮಗೆ ಅಕ್ಷರ ಕಲಿಸಿದವರ ಜೊತೆ ನಿಮ್ಮನ್ನು ಹೇಗೆ ಹೋಲಿಸಲಿ ಎಂದರಂತೆ. ಕೊನೆಯಲ್ಲಿ ಕೈಮುಗಿದ ಚಿತ್ರ ಬೇರೆ.

ಮರ್ಕೆಲ್ ಹೀಗೆ ಹೇಳಿದ್ದಕ್ಕೆ ನಂಬಬಹುದಾದ ದಾಖಲೆ ಇಲ್ಲ. ಜರ್ಮನಿಯಲ್ಲಿ ಶಾಲಾ ಶಿಕ್ಷಣ 16 ರಾಜ್ಯಗಳ ಕೈಯಲ್ಲಿದೆ. ಮೇಷ್ಟ್ರ ಸಂಬಳ ಚಾನ್ಸೆಲರ್ ನಿರ್ಧರಿಸುವ ವಿಷಯವೇ ಅಲ್ಲ. ಅಲ್ಲಿನ ಶಿಕ್ಷಕರಿಗೆ ಬೇರೆ ಅನೇಕ ದೇಶಗಳಿಗಿಂತ ಒಳ್ಳೆಯ ಸಂಬಳ ಇರುವುದು ನಿಜ. ಆದರೆ ವೈದ್ಯರನ್ನು ಮೀರಿಸುವಷ್ಟಿಲ್ಲ.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಆ ಫಾರ್ವರ್ಡ್ ಹೇಳದೆ ಬಿಟ್ಟ ವಿಷಯ ಹೆಚ್ಚು ಮುಖ್ಯ ಎಂದು ನಮಗೆ ಅನಿಸಿತು. ಅಷ್ಟು ಸಂಬಳ ಕೊಟ್ಟೂ ಜರ್ಮನಿಯಲ್ಲಿ ಶಿಕ್ಷಕರ ಕೊರತೆ ಇದೆ. ಬರ್ಲಿನ್ ರಾಜ್ಯ 2004ರಲ್ಲಿ ಹೊಸ ಶಿಕ್ಷಕರಿಗೆ ಕಾಯಂ ಸರ್ಕಾರಿ ಅಧಿಕಾರಿಯ ಸ್ಥಾನಮಾನ ಕೊಡುವುದನ್ನು ನಿಲ್ಲಿಸಿತು. ಆ ಸ್ಥಾನಮಾನ ಕೊಡುವ ಪಕ್ಕದ ರಾಜ್ಯಗಳಿಗೆ ಶಿಕ್ಷಕರು ಹೊರಟರು. ಸುಮಾರು 18 ವರ್ಷದ ನಂತರ ಬರ್ಲಿನ್ ತನ್ನ ನಿರ್ಧಾರವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಮೇಷ್ಟ್ರನ್ನು ಉಳಿಸಿಕೊಂಡದ್ದು ಗುರುಭಕ್ತಿಯ ಮಾತಲ್ಲ, ಕೆಲಸದ ಭದ್ರತೆ.

ಹಾಗಾದರೆ ಎಲ್ಲರೂ ಬಿಟ್ಟು ಹೋಗುತ್ತಿದ್ದಾರೆಯೇ?

ಕೆಲಸ ಬದಲಿಸುವ ವಿಷಯದಲ್ಲಿ ಓಡಾಡುವ ಅಂಕಿಗಳನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕು. ಒಬ್ಬ ಮನುಷ್ಯ ಜೀವನದಲ್ಲಿ ಸರಾಸರಿ ಏಳು ಸಲ ವೃತ್ತಿ ಬದಲಿಸುತ್ತಾನೆ ಎಂಬ ಮಾತು ಎಷ್ಟೋ ಭಾಷಣಗಳಲ್ಲಿ ಕೇಳಿಬರುತ್ತದೆ. ಇದಕ್ಕೆ ಆಧಾರ ಎಂದು ಹೇಳಲಾಗುವ ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆ, ತಾನು ಅಂಥ ಲೆಕ್ಕವನ್ನೇ ಹಾಕಿಲ್ಲ ಎನ್ನುತ್ತದೆ. ಯಾವುದನ್ನು ವೃತ್ತಿ ಬದಲಾವಣೆ ಎನ್ನಬೇಕು ಎಂಬುದರಲ್ಲೇ ಒಮ್ಮತವಿಲ್ಲ. ಗಣಿತದ ಮೇಷ್ಟ್ರು ಮುಖ್ಯೋಪಾಧ್ಯಾಯರಾದರೆ ಅದು ಬದಲಾವಣೆಯೇ? ಕೋಚಿಂಗ್ ಸೆಂಟರ್ ಸೇರಿದರೆ?

ಅಮೆರಿಕದ ಹೊಸ ಶಿಕ್ಷಕರಲ್ಲಿ ಅರ್ಧಕ್ಕರ್ಧ ಜನ ಐದು ವರ್ಷದೊಳಗೆ ಬಿಡುತ್ತಾರೆ ಎಂಬುದು ಇನ್ನೊಂದು ಜನಪ್ರಿಯ ಅಂಕಿ. ಈ ವಿಷಯವನ್ನು ಬಹುಕಾಲ ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞ ರಿಚರ್ಡ್ ಇಂಗರ್ಸಾಲ್ ಅವರ ಅಂದಾಜು ಸುಮಾರು 44 ಶೇಕಡ. ಆದರೆ 2007ರಲ್ಲಿ ಸೇರಿದ ಶಿಕ್ಷಕರನ್ನೇ ವರ್ಷ ವರ್ಷ ಹಿಂಬಾಲಿಸಿದ ಅಲ್ಲಿನ ಸರ್ಕಾರಿ ಸಮೀಕ್ಷೆಯಲ್ಲಿ, ಐದನೇ ವರ್ಷಕ್ಕೆ ಪಾಠ ಮಾಡದೆ ಇದ್ದವರು 17 ಶೇಕಡ ಮಾತ್ರ. ಲೆಕ್ಕ ಹಾಕುವ ವಿಧಾನ ಬದಲಾದರೆ ಉತ್ತರ ಇಷ್ಟು ಬದಲಾಗುತ್ತದೆ.

ಹಾಗೆಂದು ಸಮಸ್ಯೆ ಇಲ್ಲ ಎನ್ನುವಂತಿಲ್ಲ. ಯುನೆಸ್ಕೋ ಪ್ರಕಾರ ಜಗತ್ತಿನಲ್ಲಿ ಪ್ರಾಥಮಿಕ ಶಾಲೆಯ ವೃತ್ತಿ ಬಿಟ್ಟು ಹೋಗುವ ಶಿಕ್ಷಕರ ಪ್ರಮಾಣ 2015ರಲ್ಲಿ 4.6 ಶೇಕಡ ಇದ್ದದ್ದು 2022ರಲ್ಲಿ 9 ಶೇಕಡಕ್ಕೆ ಏರಿದೆ. 2030ರ ಹೊತ್ತಿಗೆ 4 ಕೋಟಿ 40 ಲಕ್ಷ ಶಿಕ್ಷಕರು ಹೆಚ್ಚುವರಿಯಾಗಿ ಬೇಕಾಗುತ್ತಾರೆ.

ಯಾಕೆ ಬಿಡುತ್ತಾರೆ?

ಸಂಬಳ ಒಂದು ಕಾರಣ. ಅದನ್ನು ಅಲ್ಲಗಳೆಯುವುದು ಹೊಟ್ಟೆ ತುಂಬಿದವರ ಮಾತಾಗುತ್ತದೆ. ಆದರೆ ಬಿಟ್ಟವರನ್ನು ಕೇಳಿ ಮಾಡಿದ ಅಧ್ಯಯನಗಳಲ್ಲಿ ಸಂಬಳದ ಪಕ್ಕದಲ್ಲೇ ಬೇರೆ ಕಾರಣಗಳೂ ಬರುತ್ತವೆ: ಮುಖ್ಯೋಪಾಧ್ಯಾಯರ ಬೆಂಬಲ ಇಲ್ಲದಿರುವುದು, ಶಾಲೆಯ ತೀರ್ಮಾನಗಳಲ್ಲಿ ತಮ್ಮ ಮಾತು ನಡೆಯದಿರುವುದು, ತರಗತಿಯ ಶಿಸ್ತು, ಮುಗಿಯದ ಕಾಗದಪತ್ರ. ಬಿಡುವುದು ಹೆಚ್ಚಾಗಿ ವೃತ್ತಿಯ ಎರಡು ತುದಿಗಳಲ್ಲಿ. ಮೊದಲ ಕೆಲವು ವರ್ಷ ಮತ್ತು ನಿವೃತ್ತಿಯ ಹತ್ತಿರ ಜಾಸ್ತಿ, ನಡುವೆ ಕಡಿಮೆ. ಹೊಸಬರಿಗೆ ಅನುಭವಿ ಶಿಕ್ಷಕರೊಬ್ಬರ ಮಾರ್ಗದರ್ಶನ ಸಿಕ್ಕ ಕಡೆ ಬಿಡುವವರ ಪ್ರಮಾಣ ಕಡಿಮೆ ಎಂದು ಇಂಗರ್ಸಾಲ್ ಅವರ ಅಧ್ಯಯನಗಳು ಹೇಳುತ್ತವೆ. ನಮ್ಮಲ್ಲಿ ಎಷ್ಟೋ ಶಾಲೆಗಳು ಹೊಸ ಮೇಷ್ಟ್ರಿಗೆ ಮೊದಲ ದಿನ ಕೊಡುವುದು ಯಾರಿಗೂ ಬೇಡವಾದ ತರಗತಿ.

ಈ ದಣಿವಿಗೆ ಈಗ ಬರ್ನ್‌ಔಟ್ ಎಂಬ ಹೆಸರಿದೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ರೋಗ ಎಂದು ಘೋಷಿಸಿದೆ ಎನ್ನುವ ಸಂದೇಶ ಸರಿಯಲ್ಲ. 2019ರಲ್ಲಿ ಸಂಸ್ಥೆ ಹೇಳಿದ್ದು, ಇದು ಕೆಲಸದ ಜಾಗದಲ್ಲಿ ಉಂಟಾಗುವ ಸ್ಥಿತಿ, ಕಾಯಿಲೆಯಲ್ಲ ಎಂದು. ಮುಗಿಯದ ಸುಸ್ತು, ಕೆಲಸದ ಮೇಲೆ ಜಿಗುಪ್ಸೆ, ನನ್ನಿಂದ ಏನೂ ಆಗುತ್ತಿಲ್ಲ ಎಂಬ ಭಾವ ಅದರ ಮೂರು ಲಕ್ಷಣಗಳು. ಈ ವ್ಯತ್ಯಾಸ ಸಣ್ಣದಲ್ಲ. ರೋಗ ಎಂದರೆ ಚಿಕಿತ್ಸೆ ಬೇಕಾದದ್ದು ಮೇಷ್ಟ್ರಿಗೆ. ಕೆಲಸದ ಸ್ಥಿತಿ ಎಂದರೆ ಸರಿಯಾಗಬೇಕಾದದ್ದು ಶಾಲೆ.

ಕರ್ನಾಟಕದ ಕಥೆ ಬೇರೆಯೇ

ಇಲ್ಲಿ ಸರ್ಕಾರಿ ಶಾಲೆಯ ಕಾಯಂ ಹುದ್ದೆಯನ್ನು ಬಿಡುವವರು ಅಪರೂಪ. ಅದಕ್ಕಾಗಿ ಟಿಇಟಿ, ಸಿಇಟಿ ಬರೆದು ವರ್ಷಗಟ್ಟಲೆ ಕಾಯುವವರೇ ಹೆಚ್ಚು. ಬಿಡುವುದು ಖಾಸಗಿ ಶಾಲೆಯಲ್ಲಿ ಇರುವವರು, ಅತಿಥಿ ಶಿಕ್ಷಕರಾಗಿ ಇರುವವರು. 2025-26ರ ಬಜೆಟ್‌ನಲ್ಲಿ 2,000 ರೂಪಾಯಿ ಏರಿಸಿದ ಮೇಲೂ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರಿಗೆ ತಿಂಗಳಿಗೆ 12,000. ಶಾಲೆ ಮುಗಿದರೆ ಕೆಲಸವೂ ಮುಗಿಯಿತು, ಮುಂದಿನ ವರ್ಷ ಮತ್ತೆ ಹೊಸದಾಗಿ ಅರ್ಜಿ.

ಖಾಸಗಿ ಶಾಲೆಗಳ ಸ್ಥಿತಿ ಎಷ್ಟು ನಾಜೂಕು ಎಂಬುದು ಕೋವಿಡ್ ಕಾಲದಲ್ಲಿ ಎಲ್ಲರಿಗೂ ಕಂಡಿತು. ಶಾಲೆ ಮುಚ್ಚಿತು, ಶುಲ್ಕ ಬರಲಿಲ್ಲ, ಸಂಬಳ ನಿಂತಿತು. ಮೇಷ್ಟ್ರು ತರಕಾರಿ ಮಾರಿದರು, ನರೇಗಾ ಕೂಲಿಗೆ ಹೋದರು. 2021ರಲ್ಲಿ ರಾಜ್ಯ ಸರ್ಕಾರ ಅನುದಾನರಹಿತ ಶಾಲೆಗಳ ಶಿಕ್ಷಕರಿಗೆ ಒಂದು ಸಲ 5,000 ರೂಪಾಯಿ ಪರಿಹಾರ ಘೋಷಿಸಿತು. ಹಾಗೆ ಹೋದವರನ್ನು ವೃತ್ತಿ ಬದಲಿಸಿದವರು ಎನ್ನಲು ನಮಗೆ ಮನಸ್ಸು ಬರುವುದಿಲ್ಲ. ಅವರು ಆರಿಸಿಕೊಂಡದ್ದಲ್ಲ ಅದು.

ಕಾಯಂ ಹುದ್ದೆಯವರಿಗೂ ದೂರುಗಳಿವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚುವಂತಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಶುರುವಾದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಮನೆ ಮನೆ ಅಲೆದವರು ಮಾತ್ರ ಹೆಚ್ಚಾಗಿ ಇದೇ ಮೇಷ್ಟ್ರುಗಳು. ಸಮೀಕ್ಷೆ ಮುಗಿಯಲೆಂದು ಶಾಲೆಗಳ ದಸರಾ ರಜೆಯನ್ನೇ ಅಕ್ಟೋಬರ್ 18ರ ತನಕ ಎಳೆಯಲಾಯಿತು. ಇವರು ಕೆಲಸ ಬಿಡುವುದಿಲ್ಲ. ಆದರೆ ಪಾಠದಿಂದ ದೂರ ಇರುವ ದಿನಗಳು ಯಾವ ರಾಜೀನಾಮೆ ಲೆಕ್ಕದಲ್ಲೂ ಸೇರುವುದಿಲ್ಲ.

ಇದರ ಪೆಟ್ಟು ಬೀಳುವುದು ಮಕ್ಕಳಿಗೆ. ನ್ಯೂಯಾರ್ಕ್ ನಗರದ ನಾಲ್ಕು, ಐದನೇ ತರಗತಿಗಳ ಎಂಟು ವರ್ಷದ ದಾಖಲೆ ನೋಡಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಶಿಕ್ಷಕರು ಹೆಚ್ಚು ಬದಲಾದ ಕಡೆ ಗಣಿತ ಮತ್ತು ಭಾಷೆಯ ಅಂಕ ಕಡಿಮೆ ಇದ್ದವು. ಹಿಂದುಳಿದ ಮಕ್ಕಳು ಹೆಚ್ಚಿರುವ ಶಾಲೆಗಳಲ್ಲಿ ನಷ್ಟ ಇನ್ನೂ ಹೆಚ್ಚು. ಬಿಡದೆ ಉಳಿದ ಶಿಕ್ಷಕರ ತರಗತಿಯ ಮಕ್ಕಳಿಗೂ ನಷ್ಟ ತಟ್ಟಿತ್ತು. ಅರ್ಧ ವರ್ಷದಲ್ಲಿ ಮೂರನೇ ಗಣಿತ ಮೇಡಂ ಬಂದ ಮನೆಯ ಮಗುವನ್ನು ಕೇಳಿದರೂ ಇದು ಗೊತ್ತಾಗುತ್ತದೆ.

ಬೇರೆ ಕೆಲಸ ಬಿಟ್ಟು ಬರುವವರು

ಬರುವವರೂ ಇದ್ದಾರೆ. ಲಂಡನ್ನಿನ ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಬರೆದ ಲೂಸಿ ಕೆಲ್ಲವೇ, ಐವತ್ತು ದಾಟಿದ ಮೇಲೆ ಕೆಲಸ ಬಿಟ್ಟು ಸರ್ಕಾರಿ ಶಾಲೆಯಲ್ಲಿ ಗಣಿತ ಕಲಿಸಲು ಹೋದರು. ತಮ್ಮಂಥ ನಡುವಯಸ್ಸಿನವರನ್ನು ಕರೆತರಲು 2016ರಲ್ಲಿ ನೌ ಟೀಚ್ ಎಂಬ ಸಂಸ್ಥೆಯನ್ನೂ ಕಟ್ಟಿದರು. ಬರ್ಲಿನ್ ಕೂಡ ಬೇರೆ ಕ್ಷೇತ್ರದ ಪದವೀಧರರನ್ನು ಸೇರಿಸಿಕೊಂಡು, ಪಾಠ ಮಾಡಿಸುತ್ತಲೇ ತರಬೇತಿ ಕೊಡುತ್ತದೆ.

ನಮ್ಮಲ್ಲಿ ಈ ಬಾಗಿಲು ಕಿರಿದು. ನಲವತ್ತರ ಎಂಜಿನಿಯರೊಬ್ಬರು ಊರಿಗೆ ಮರಳಿ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಬೇಕೆಂದರೆ ಎರಡು ವರ್ಷದ ಬಿ.ಇಡಿ., ಆಮೇಲೆ ಅರ್ಹತಾ ಪರೀಕ್ಷೆ, ಅದರ ಮೇಲೆ ವಯೋಮಿತಿ. ಪ್ರಾಥಮಿಕ ತರಗತಿಗೆ ಬಿ.ಇಡಿ. ಸಾಲದು, ಡಿ.ಇಎಲ್.ಇಡಿ. ಬೇಕು ಎಂದು 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತರಬೇತಿ ಬೇಡ ಎನ್ನುವುದು ನಮ್ಮ ವಾದವಲ್ಲ. ಆರು ವರ್ಷದ ಮಗುವಿಗೆ ಓದು ಕಲಿಸುವುದು ಕೋಡ್ ಬರೆದಷ್ಟೇ ಕಲಿತು ಮಾಡಬೇಕಾದ ಕೆಲಸ. ದುಡಿಯುತ್ತಲೇ ಆ ತರಬೇತಿ ಮುಗಿಸುವ ದಾರಿ ಇಲ್ಲದಿದ್ದರೆ, ಮನೆ ಸಾಲ ಇರುವ ಯಾರೂ ಆ ಕಡೆ ತಿರುಗಿ ನೋಡುವುದಿಲ್ಲ.

ಮುಂದಿನ ಸಲ ಮಗುವಿನ ದಾಖಲಾತಿಗೆ ಹೋದಾಗ ಸ್ಮಾರ್ಟ್ ಬೋರ್ಡ್, ಈಜುಕೊಳ ತೋರಿಸುತ್ತಾರೆ. ನೋಡಿಕೊಂಡು ಬನ್ನಿ. ಹಾಗೆಯೇ ಕಳೆದ ವರ್ಷ ಇಲ್ಲಿಂದ ಎಷ್ಟು ಜನ ಶಿಕ್ಷಕರು ಬಿಟ್ಟು ಹೋದರು, ಈಗಿರುವ ಗಣಿತ ಮೇಡಂ ಎಷ್ಟು ವರ್ಷದಿಂದ ಇದ್ದಾರೆ, ಅವರಿಗೆ ಬೇಸಿಗೆ ರಜೆಯ ಸಂಬಳ ಸಿಗುತ್ತದೆಯೇ ಎಂದೂ ಕೇಳಿ.