ಡಯಾಲಿಸಿಸ್‌ಗೆ ಕೈಯೋ, ಕುತ್ತಿಗೆಯೋ? ಹಿರಿಯರನ್ನೂ ಕೇಳಿ

ಪೀಣ್ಯದ ಕಾರ್ಖಾನೆಯಲ್ಲೋ ವೈಟ್‌ಫೀಲ್ಡಿನ ಕಂಪೆನಿಯಲ್ಲೋ ದುಡಿಯುವ ಎಷ್ಟೋ ಮಕ್ಕಳಿಗೆ ಅಬ್ಬಾರ ಕಿಡ್ನಿ ಕೈಕೊಟ್ಟಿರುವುದು ತಿಳಿಯುವುದೇ ಆಸ್ಪತ್ರೆಯ ತುರ್ತು ವಿಭಾಗದಲ್ಲಿ. ಕೂಡಲೇ ಡಯಾಲಿಸಿಸ್ ಬೇಕೆಂದು ಕುತ್ತಿಗೆಗೆ ನಳಿಗೆ ಹಾಕುತ್ತಾರೆ. ಆ ಹೊತ್ತಿಗೆ ಅದೇ ಸರಿ. ಆದರೆ ಮುಂದೇನು ಎಂದು ಯಾರೂ ಕೇಳದೆ ತಿಂಗಳುಗಳು ಉರುಳಿಹೋಗುತ್ತವೆ. ಇದು ತಪ್ಪಬೇಕು.

ರಕ್ತವನ್ನು ಯಂತ್ರಕ್ಕೆ ಕಳಿಸಿ, ಶುದ್ಧಮಾಡಿ ಮರಳಿ ತರಲು ಮೂರು ದಾರಿಗಳಿವೆ. ಮೊದಲನೆಯದು ಫಿಸ್ಟುಲಾ. ಸಣ್ಣ ಶಸ್ತ್ರಚಿಕಿತ್ಸೆಯಲ್ಲಿ ಕೈಯ ಅಪಧಮನಿಯನ್ನು ಅಭಿಧಮನಿಗೆ ಜೋಡಿಸುತ್ತಾರೆ. ಸೋಂಕು ಕಡಿಮೆ, ಬಾಳಿಕೆ ಹೆಚ್ಚು. ಆದರೆ ರಕ್ತನಾಳ ಬಲಿಯಲು ಸುಮಾರು 6 ವಾರದಿಂದ 3 ತಿಂಗಳು ಬೇಕು. ಎರಡನೆಯದು ಗ್ರಾಫ್ಟ್, ಅಂದರೆ ಚರ್ಮದಡಿಯ ಕೃತಕ ಕೊಳವೆ. ಸಾಮಾನ್ಯವಾಗಿ 2–3 ವಾರದಲ್ಲಿ ಬಳಸಬಹುದು. ಆದರೆ ಹೆಪ್ಪುಗಟ್ಟುವ ಮತ್ತು ಸೋಂಕಿನ ಭಯ ಫಿಸ್ಟುಲಾಕ್ಕಿಂತ ಹೆಚ್ಚು. ಮೂರನೆಯದು ಕುತ್ತಿಗೆಯ ನಳಿಗೆ, ಕ್ಯಾಥೆಟರ್. ಅಂದೇ ಬಳಸಬಹುದು, ಪ್ರತಿಸಲ ಸೂಜಿ ಚುಚ್ಚಬೇಕಿಲ್ಲ. ಆದರೆ ರಕ್ತಕ್ಕೇ ಸೋಂಕು ತಗಲುವ ಅಪಾಯ ಇದರಲ್ಲೇ ಅತಿ ಹೆಚ್ಚು.

ಹಾಗಾದರೆ ಎಲ್ಲರಿಗೂ ಫಿಸ್ಟುಲಾವೇ ಆಗಲಿ ಎನ್ನಬಹುದೇ? ಹಿರಿಯರ ವಿಷಯದಲ್ಲಿ ಲೆಕ್ಕ ಅಷ್ಟು ಸುಲಭವಲ್ಲ. ವರ್ಷಗಟ್ಟಲೆ ಕಾಡಿದ ಸಕ್ಕರೆ ಕಾಯಿಲೆಯಿಂದ ರಕ್ತನಾಳ ಗಡುಸಾಗಿ ಫಿಸ್ಟುಲಾ ಬಲಿಯದೇ ಹೋಗಬಹುದು, ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ದುರ್ಬಲ ಹೃದಯಕ್ಕೆ ಅದು ಹೊರೆಯೂ ಹೌದು. ಅಮೆರಿಕದ ನ್ಯಾಷನಲ್ ಕಿಡ್ನಿ ಫೌಂಡೇಶನ್ನಿನ 2019ರ ಮಾರ್ಗಸೂಚಿಯೂ ರೋಗಿಯ ಬದುಕು ಮತ್ತು ಇಚ್ಛೆಯನ್ನು ನೋಡಿ ದಾರಿ ಆರಿಸಿ ಎನ್ನುತ್ತದೆ. ನಡೆದಾಡುವ, ಗಟ್ಟಿಮುಟ್ಟಾದ 70ರ ಅಬ್ಬಾರಿಗೆ ಫಿಸ್ಟುಲಾ ಒಳ್ಳೆಯದಿರಬಹುದು. ಹಾಸಿಗೆ ಹಿಡಿದ, ಹೃದಯ ಸೋತ 85ರ ದಾದಿಗೆ ನಳಿಗೆಯೇ ನೆಮ್ಮದಿ ಕೊಡಬಹುದು. ಆದರೆ ಅದು ಮಕ್ಕಳ ಶಿಫ್ಟ್‌ಗೆ ಅನುಕೂಲವೆಂದು ಆಗಬಾರದು.

ಮಶ್ವರಾ ನಮ್ಮ ದೀನ್ ಕಲಿಸಿದ ರೀತಿ. ಆ ಮಶ್ವರಾದಲ್ಲಿ ಮೊದಲ ಮಾತು ಹಿರಿಯರದ್ದಾಗಲಿ. ಅವರ ಎದುರಿನಲ್ಲೇ ಕಿಡ್ನಿ ತಜ್ಞರನ್ನು ಕೇಳಿ: ಡಾಪ್ಲರ್ ಸ್ಕ್ಯಾನಿನಲ್ಲಿ ರಕ್ತನಾಳ ಹೇಗಿದೆ? ಹೃದಯ ತಡೆದೀತೇ? ಫಿಸ್ಟುಲಾ ಬಲಿಯದಿದ್ದರೆ ಮುಂದೇನು?

ಯುನಾನಿ ವೈದ್ಯನಾಗಿ ಒಂದು ಮಾತು ಒತ್ತಿ ಹೇಳುತ್ತೇನೆ. ಕಿಡ್ನಿ ಕುಂದುತ್ತಿದೆ ಎಂದು ಗೊತ್ತಾದ ದಿನದಿಂದಲೇ, ಬಲಗೈ ಬಳಸುವವರು ಎಡಗೈಯನ್ನು ಕಾಪಾಡಿಕೊಳ್ಳಲಿ. ಆ ತೋಳಿನಿಂದ ರಕ್ತ ತೆಗೆಸಬೇಡಿ, ಡ್ರಿಪ್ ಹಾಕಿಸಬೇಡಿ. ಆ ಕೈಗೆ ಹಿಜಾಮಾ, ಫಸ್ದ್ ಖಂಡಿತ ಬೇಡ. ಫಿಸ್ಟುಲಾ ಆದ ಮೇಲೆ ಆ ಕೈಯಲ್ಲಿ ಬಿ.ಪಿ. ನೋಡಿಸಬಾರದು, ಬಿಗಿಯಾದ ಬಳೆ, ವಾಚ್ ಹಾಕಬಾರದು. ಗಾಯ ಮಾಗಿದ ಮೇಲೆ ಆ ಕೈಯಲ್ಲಿ ವುಝೂ ಮಾಡಲು ಅಡ್ಡಿಯಿಲ್ಲ. ನಳಿಗೆಯಿದ್ದವರು ಗುಸ್ಲ್ ಮಾಡುವಾಗ ಪಟ್ಟಿ ನೆನೆಯಬಾರದು. ಪಟ್ಟಿಯ ಮೇಲೆ ಮಸಹ್ ಮಾಡುವ ಬಗ್ಗೆ ಆಲಿಮರನ್ನು ಕೇಳಿ. ಜ್ವರ, ನಡುಕ ಬಂದರೆ ಅಂದೇ ಆಸ್ಪತ್ರೆಗೆ ಹೋಗಿ.

ಇಎಸ್‌ಐ ಇರುವ ಕಾರ್ಮಿಕರ ಅವಲಂಬಿತ ತಂದೆತಾಯಿಗೂ ಚಿಕಿತ್ಸೆಯ ಹಕ್ಕಿದೆ. ಪೀಣ್ಯದಲ್ಲೇ ಇಎಸ್‌ಐ ಆಸ್ಪತ್ರೆಯಿದೆ. ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಸರ್ಕಾರದ ನೆಫ್ರೋ-ಯುರಾಲಜಿ ಸಂಸ್ಥೆಯಿದೆ. ಕ್ರಿಯಾಟಿನಿನ್ ಏರುತ್ತಿದ್ದರೆ ಈ ವಾರವೇ ರಜೆ ಹಾಕಿ, ಅವರನ್ನು ಕರೆದುಕೊಂಡು ಹೋಗಿ. ಕೈಯಲ್ಲಿ ಸಮಯವಿರುವಾಗ ಮಾಡಿದ ಆಯ್ಕೆಯಲ್ಲೇ ಹಿರಿಯರ ಮಾತಿಗೆ ಜಾಗವಿರುತ್ತದೆ. ಶಿಫಾ ನೀಡುವವನು ಅಲ್ಲಾಹನು.